ರಸ್ತೆ ಹೇಳುವ ಸರದಿ

ಘಾಟಿಯ ಬುಡದ ಗಲೀನಾ ಎಂಬ ಊರಿನ ಕಲ್ಲಿನ ಲಾಡ್ಜಿನಲ್ಲಿ ಸಂಜೆ ಊಟಕ್ಕೆ ಕೂರುವ ಮುನ್ನ ಮನೆಯವರೊಬ್ಬರು ಎದ್ದು ನಿಂತು ರಸ್ತೆ ಹೇಳಬೇಕು. ಬೆಳ್ಳಿ ಗಣಿಯ ಕಾಲದಲ್ಲಿ ಹೇಸರಗತ್ತೆಗಳ ಗಾಡಿ ಹೊಡೆಯುವವರು ಘಾಟಿ ಹತ್ತುವ ಮೊದಲು ಇಲ್ಲಿ ತಂಗುತ್ತಿದ್ದಾಗ ಶುರುವಾದ ಪದ್ಧತಿ ಅದು. ಎಲ್ಲಿ ಬಂಡೆ ಉರುಳಿದೆ, ಎಲ್ಲಿ ನೀರಿದೆ, ಗಾಳಿ ಯಾವ ಕಡೆಯದು. ಗಣಿ ಮುಚ್ಚಿತು, ಹೇಸರಗತ್ತೆಗಳೂ ಹೋದವು. ಈಗ ಅದೇ ಲಾಯದಲ್ಲಿ ಸೈಕಲ್ಲುಗಳು ನಿಲ್ಲುತ್ತವೆ. ಒಂದು ಸಮುದ್ರದ ದಡದಿಂದ ಇನ್ನೊಂದು ಸಮುದ್ರದ ದಡಕ್ಕೆ ಇಡೀ ದೇಶವನ್ನೇ ತುಳಿದುಕೊಂಡು ಹೋಗುವ ಜನ. ಅವರಿಗೂ ಬೇಕಾದದ್ದು ಅದೇ ಮೂರು ಸುದ್ದಿ.

ಇಪ್ಪತ್ತು ವರ್ಷಗಳಿಂದ ರಸ್ತೆ ಹೇಳುತ್ತಿದ್ದವಳು ಲಾಡ್ಜಿನ ಒಡತಿ ಇನೆಸ್. ಜೂನ್ ಮೊದಲ ವಾರದ ಕೊನೆಗೆ ಅವಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಪಟ್ಟಣದ ತಮ್ಮನ ಮನೆಗೆ ಹೋದಳು. ಮನೆಯ ಒಂದೇ ಟ್ರಕ್ಕೂ ಅವಳ ಜೊತೆಗೇ ಹೋಯಿತು. ಉಳಿದವಳು ಅವಳ ಅಕ್ಕನ ಮಗಳು ಡೆಲ್ಫೀನಾ. ಭೂಗೋಳದಲ್ಲಿ ಪದವಿ ಮುಗಿಸಿ ಬಂದು ಒಂದು ವರ್ಷವಾಗಿತ್ತು. ಹಾಸಿಗೆ ಹಾಸುವುದು, ಹುರುಳಿಕಾಯಿಯಿಂದ ಹಿಡಿದು ಹಂದಿಮಾಂಸ, ಜೋಳ ಹಾಕಿದ ಪೊಸೋಲೆ ಸಾರಿನವರೆಗೆ ಬೇಯಿಸುವುದು, ಟ್ಯೂಬಿಗೆ ತೇಪೆ ಹಾಕುವುದು, ಯಾವುದಕ್ಕೂ ಹೇಳಿಸಿಕೊಳ್ಳುವವಳಲ್ಲ. ಆದರೆ ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಭಾನುವಾರ ಸಂಜೆ, ಅವಳ ಮೊದಲ ಸರದಿಗೆ, ಮೇಜಿನ ಸುತ್ತ ಆರು ಜನ. ಐವರು ಪಶ್ಚಿಮಕ್ಕೆ ಇಳಿಯುವವರು. ಘಾಟಿ ಏರುವವನು ವೆಂಡೆಲ್ ಒಬ್ಬನೇ. ಅರವತ್ತೆಂಟರ ಮುದುಕ, ಮಿನೆಸೋಟದಲ್ಲಿ ಊರೂರು ತಿರುಗಿ ಪಿಯಾನೊಗಳ ಶ್ರುತಿ ಸರಿಮಾಡುತ್ತಿದ್ದವನು, ಈಗ ನಿವೃತ್ತ. ಮಧ್ಯಾಹ್ನ ಬಂದವನೇ ಹಜಾರದ ಹಳೆಯ ಪಿಯಾನೊ ಮುಟ್ಟಿ ಮುಖ ಹುಳ್ಳಗೆ ಮಾಡಿ, ಯಾರೂ ಕೇಳದಿದ್ದರೂ ಒಂದು ಗಂಟೆ ಅದರೊಳಗೆ ತಲೆ ತೂರಿಸಿ ಕೂತಿದ್ದ. ಡೆಲ್ಫೀನಾ ಕಾಫಿ ತಂದಿಟ್ಟಾಗ ತಲೆಯಾಡಿಸಿದನೇ ಹೊರತು ಊರು ಯಾವುದು, ಓದಿದ್ದೇನು ಎಂದು ಕೆದಕಲಿಲ್ಲ. ಅಷ್ಟಕ್ಕೇ ಅವಳಿಗೆ ಅವನು ಇಷ್ಟವಾಗಿಬಿಟ್ಟಿದ್ದ.

ಅವಳು ಎದ್ದು ನಿಂತಳು. ಆರು ಜೊತೆ ಕಣ್ಣುಗಳು ಮೇಲೆದ್ದವು. ಚಿಕ್ಕಮ್ಮನ ಬಾಯಿಂದ ನೂರು ಸಲ ಕೇಳಿದ ಮಾತನ್ನೇ ಒಂದೇ ಉಸಿರಿಗೆ ಒಪ್ಪಿಸಿದಳು:

"ಮೊದಲ ಏಳು ಮೈಲಿ ಏರು ಮೆತ್ತಗಿದೆ. ಒಂಬತ್ತನೇ ಮೈಲಿಗೆ ಎಡಕ್ಕೆ ಸೀಡರ್ ಬಯಲಿನ ಮಣ್ಣುದಾರಿ. ಒಳಗೆ ಒಂದೂವರೆ ಮೈಲಿ ಹೋದ್ರೆ ನಲ್ಲಿ ಇದೆ, ಒಳ್ಳೇ ತಣ್ಣೀರು. ಬೆಳಗ್ಗೆ ಹನ್ನೊಂದು ಗಂಟೆ ಮೇಲೆ ಎದುರುಗಾಳಿ."

ಹೇಳಿ ಧೊಪ್ಪನೆ ಕೂತಳು.

"ಹಾಗಾದ್ರೆ ನಂಗೆ ಎರಡೇ ಬಾಟಲಿ ಸಾಕು," ಎಂದ ವೆಂಡೆಲ್. "ನೀರು ಹೊತ್ಕೊಂಡು ಬೆಟ್ಟ ಹತ್ತೋದು ಅಂದ್ರೆ ಪಿಯಾನೊ ಹೊತ್ಕೊಂಡ ಹಾಗೇನೇ. ಥ್ಯಾಂಕ್ಸ್ ಕಣಮ್ಮ."

ಸೋಮವಾರ ಬೆಳಗಿನ ಆರಕ್ಕೆ ಅವನ ಸೈಕಲ್ಲಿನ ಹಿಂದಿನ ಹಳದಿ ಬಾವುಟ ತಿರುವಿನಲ್ಲಿ ಮರೆಯಾಯಿತು.

ಹನ್ನೆರಡರ ಹೊತ್ತಿಗೆ ಮೇಲಿನಿಂದ ಇಬ್ಬರು ಇಳಿದು ಬಂದರು. ಕ್ವಿಬೆಕ್‌ನ ಅಕ್ಕತಂಗಿಯರು, ಮೊಳಕಾಲವರೆಗೆ ಧೂಳು. ಬಂದವರಿಗೆ ನೀರು ಕೊಡುತ್ತಲೇ ಈ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ ಒಂದೇ. ಡೆಲ್ಫೀನಾ ಅದನ್ನೇ ಕೇಳಿದಳು.

"ದಾರೀಲಿ ಯಾರು ಸಿಕ್ಕಿದ್ರು?"

"ಯಾರೂ ಇಲ್ಲಪ್ಪ. ಒಂದು ಹಲ್ಲಿ ಸಿಕ್ತು, ಅದೂ ಮಾತಾಡ್ಸಲಿಲ್ಲ," ಎಂದಳು ತಂಗಿ ಸೊಲಾಂಜ್.

"ವಯಸ್ಸಾದವರು? ಹಳದಿ ಬಾವುಟ?"

"ಬೆಳಗ್ಗೆಯಿಂದ ಘಾಟಿ ನೆತ್ತೀಲೇ ಇದ್ವಿ, ಹತ್ತೂವರೆಗೆ ಹೊರಟ್ವಿ. ಒಂದು ನರಪಿಳ್ಳೇನೂ ಇಲ್ಲ," ಎಂದಳು ಅಕ್ಕ.

ಹೋದವನು ಎಲ್ಲಿ ಹೋದ? ಇರುವುದು ಒಂದೇ ರಸ್ತೆ. ಟವಲ್ ತರಲು ಅಡುಗೆಮನೆಯ ಬಾಗಿಲು ಎಳೆದಾಗ, ಅದರ ಹಿಂದೆ, ಚಿಕ್ಕಮ್ಮ ಏಪ್ರನ್ ತೂಗುಹಾಕುವ ಮೊಳೆಯಲ್ಲಿ ಒಂದು ಚೀಟಿ ಕಂಡಿತು. ತನ್ನದೇ ಕೈಬರಹ. 'ಸೀಡರ್ ಬಯಲು: ಒರತೆ ಬತ್ತಿದೆ. ನಲ್ಲಿ ಬಂದ್.' ಗುರುವಾರ ಅರಣ್ಯ ಕಚೇರಿಯವರು ಫೋನ್ ಮಾಡಿ ಹೇಳಿದ್ದನ್ನು ತಾನೇ ಬರೆದು, ತಾನೇ ಸಿಕ್ಕಿಸಿದ್ದಳು. ಚಿಕ್ಕಮ್ಮ ನೋಡಿ ಹೇಳುತ್ತಾಳೆ ಎಂದುಕೊಂಡು ಮರೆತಿದ್ದಳು.

ರಸ್ತೆಯಲ್ಲಿ ಅವನು ಸಿಗಲಿಲ್ಲ ಎಂದರೆ ಅವನು ರಸ್ತೆಯಲ್ಲಿ ಇಲ್ಲ. ಎಡಕ್ಕೆ ತಿರುಗಿದ್ದಾನೆ. ತಿರುಗು ಎಂದವಳು ತಾನು.

ಸೊಲಾಂಜಳ ಅಕ್ಕ ಚೀಟಿ ನೋಡಿದವಳೇ ಗೋಡೆಯ ಫೋನಿಗೆ ಕೈಹಾಕಿದಳು. "ರಕ್ಷಣೆಯವರನ್ನ ನಾನು ಕರೀತೀನಿ. ಎಷ್ಟು ಹೊತ್ತು ಬೇಕು ಅವರಿಗೆ?"

"ಒಂದೂವರೆ ಗಂಟೆ."

"ಇಲ್ಲಿ ಯಾರ ಹತ್ರ ಗಾಡಿ ಇದೆ? ಓಡು!"

ಗಾಡಿಯಿದ್ದದ್ದು ಎದುರು ಮನೆಯ ಬೆನಿಗ್ನೊ ಬಳಿ. ಮೂವತ್ತು ವರ್ಷ ಇದೇ ಘಾಟಿಯ ರಸ್ತೆಯಲ್ಲಿ ಗುಂಡಿ ಮುಚ್ಚಿ, ಮಣ್ಣು ಹೆರೆದು ನಿವೃತ್ತನಾದವನು. ಬಣ್ಣಬಣ್ಣದ ಬಿಗಿ ಬಟ್ಟೆಯ ಸೈಕಲ್ಲಿನವರನ್ನು ಕಂಡರೆ ಅವನಿಗೆ ಬಾಯಿ ತುರಿಸುತ್ತಿತ್ತು. ಅವರಿಗೆ ಅವನಿಟ್ಟ ಹೆಸರು ಮಿಡತೆಗಳು. ಡೆಲ್ಫೀನಾ ಈ ಒಂದು ವರ್ಷದಲ್ಲಿ ಅವನಿಗೆ ನಮಸ್ಕಾರ ಬಿಟ್ಟು ಬೇರೆ ಮಾತು ಹೇಳಿದವಳಲ್ಲ.

"ಬೆನಿಗ್ನೊ ಮಾಮ, ಒಬ್ಬರು ಮೇಲೆ ಹೋದವರು..."

"ಬರ್ಲಿಲ್ವಾ? ಎಲ್ಲೋ ಹೂವಿನ ಫೋಟೋ ತೆಗೀತಾ ನಿಂತಿರತ್ತೆ ನಿನ್ ಮಿಡತೆ. ಹೊಟ್ಟೆ ಹಸಿದ್ರೆ ತಾನೇ ಹಾರ್ಕೊಂಡ್ ಬರತ್ತೆ, ಹೋಗು." ಅವನು ಜಗುಲಿಯ ಮೇಲೆ ಗರಗಸದ ಹಲ್ಲು ಉಜ್ಜುತ್ತಲೇ ಇದ್ದ.

ಅವಳು ಹೋಗಲಿಲ್ಲ. ಕಿವಿ ಸುಡುತ್ತಿದ್ದವು. "ಸೀಡರ್ ಬಯಲಲ್ಲಿ ನೀರಿದೆ ಅಂತ ಹೇಳ್ಬಿಟ್ಟೆ, ಮಾಮ. ನೀರಿಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಪಾಠ ಒಪ್ಪಿಸ್ದೆ. ಎರಡೇ ಬಾಟಲಿ ತಗೊಂಡು ಹೋಗಿದಾರೆ. ನನ್ನಿಂದ."

ಉಜ್ಜುವ ಸದ್ದು ನಿಂತಿತು. ಬೆನಿಗ್ನೊ ಅವಳ ಮುಖ ನೋಡಿದ, ಆಕಾಶ ನೋಡಿದ, ಗರಗಸ ಕೆಳಗಿಟ್ಟ. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಹೇಳಿದ್ದು ಇಷ್ಟೇ: "ಆ ನೀಲಿ ಡಬ್ಬ ಎರಡೂ ತುಂಬ್ಸು. ಉಪ್ಪು, ಸಕ್ಕರೆ ತಗೋ. ಐಸ್ ಇದ್ರೆ ಅದೂ."

ಟ್ರಕ್ಕು ಏರಿತು. ಎರಡೂ ಕಡೆ ಕೆಂಪು ಬಂಡೆ ಕಾದು ಹೆಂಚಾಗಿತ್ತು. ಒಂಬತ್ತನೇ ಮೈಲಿಯ ಕವಲಿನಲ್ಲಿ ಬೆನಿಗ್ನೊ ಕತ್ತು ಹೊರಗೆ ಹಾಕಿ ನೆಲ ನೋಡಿದ. ಧೂಳಿನ ಮೇಲೆ ಹಾವು ಹರಿದಂತೆ ಸೈಕಲ್ ಚಕ್ರದ ಒಂದೇ ಗೀಟು, ಒಳಗೆ ಹೋದದ್ದು ಮಾತ್ರ. ಹೊರಗೆ ಬಂದದ್ದಿಲ್ಲ. ಅವನು ಗಾಡಿಯನ್ನು ಎಡಕ್ಕೆ ತಿರುಗಿಸಿದ.

ಬಯಲಿನ ಮೂಲೆಯ ಸೀಡರ್ ಮರದ ಕೆಳಗೆ ವೆಂಡೆಲ್ ಕಾಲು ಚಾಚಿ ಒರಗಿದ್ದ. ಮುಖ ಇಟ್ಟಿಗೆಯ ಬಣ್ಣ, ತುಟಿ ಬಿಳಿಚಿತ್ತು. ಪಕ್ಕದಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ನಲ್ಲಿಯ ಕಡೆ ಅಡ್ಡದಾರಿಯಲ್ಲಿ ತಳ್ಳಿಕೊಂಡು ಹೋದವನ ಎರಡೂ ಟಯರುಗಳ ತುಂಬ ನೆಗ್ಗಿಲು ಮುಳ್ಳು, ಎಳ್ಳು ಮೆತ್ತಿದ ಹಾಗೆ; ಗಾಳಿ ಪೂರ್ತಿ ಹೋಗಿತ್ತು. ಈ ಕಡೆಯವರು ಇಂಥ ಬಯಲಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊರುತ್ತಾರೆ. ಅದನ್ನೂ ಅವಳು ಹೇಳಿರಲಿಲ್ಲ.

ಅವಳು ಓಡಿಹೋಗಿ ಮಂಡಿಯೂರಿದಳು. ಅವನು ಕಣ್ಣು ತೆರೆದ.

"ಓ," ಎಂದ, ಒಣಗಿದ ದನಿಯಲ್ಲಿ. "ರಸ್ತೆ ಹೇಳಿದ ಹುಡುಗಿ."

"ಗುಟುಕು ಗುಟುಕಾಗಿ ಕುಡೀರಿ. ಒಂದೇ ಸಲಕ್ಕೆ ಬೇಡ." ಅವಳು ಉಪ್ಪು, ಸಕ್ಕರೆ ಬೆರೆಸಿದ ನೀರನ್ನು ಅವನ ತುಟಿಗೆ ಹಿಡಿದಳು. ಬೆನಿಗ್ನೊ ಒದ್ದೆ ಬಟ್ಟೆಯಲ್ಲಿ ಐಸ್ ಸುತ್ತಿ ಮುದುಕನ ಕತ್ತಿಗೆ, ಕಂಕುಳಿಗೆ ಇಟ್ಟ.

ಅರ್ಧ ಗಂಟೆಯಾದ ಮೇಲೆ ಅವನ ಹಣೆಯಲ್ಲಿ ಬೆವರು ಮೂಡಿತು. ಅಷ್ಟು ಚಂದದ ಬೆವರನ್ನು ಡೆಲ್ಫೀನಾ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಡ್ಕೊಂಡು ಹೊರಗೆ ಹೋಗೋಣ ಅಂತ ಹೊರಟೆ," ಎಂದ ವೆಂಡೆಲ್. "ಇನ್ನೂರು ಹೆಜ್ಜೆಗೆ ಬೆಟ್ಟ ಎಲ್ಲಾ ತಿರುಗೋಕೆ ಶುರುವಾಯ್ತು. ವಾಪಸ್ ಬಂದು ನೆರಳಲ್ಲಿ ಕೂತೆ. ಯಾರಾದ್ರೂ ಬರ್ತಾರೆ ಅಂದ್ಕೊಂಡೆ."

"ನಲ್ಲಿ ಬಂದಾಗಿರೋದು ನಂಗೆ ಗೊತ್ತಿತ್ತು," ಎಂದಳು ಅವಳು. ಈ ಸಲ ನಾಲಿಗೆ ಅಂಟಲಿಲ್ಲ. "ಮರೆತೆ. ನಿಮ್ಮ ಮುಂದೆ ನಿಂತು ಮಾತಾಡೋಕೆ ಭಯ ಆಗಿ, ಚಿಕ್ಕಮ್ಮನ ಮಾತು ಗಿಣಿ ಹಾಗೆ ಒಪ್ಪಿಸ್ದೆ. ನೀವು ಸತ್ತೇ ಹೋಗ್ತಿದ್ರಿ."

ವೆಂಡೆಲ್ ಇನ್ನೊಂದು ಗುಟುಕು ಕುಡಿದ. "ಒಂದು ಮನೇಲಿ ಅಜಾಗರೂಕತೆಯಿಂದ ಪಿಯಾನೊ ತಂತಿ ಹರಿದಿದ್ದೆ. ಸದ್ದಿಲ್ದೆ ಮುಚ್ಚಳ ಮುಚ್ಚಿ ಬಂದ್ಬಿಟ್ಟೆ. ನಲವತ್ತು ವರ್ಷ ಆಯ್ತು, ಇವತ್ತಿಗೂ ಆ ಬೀದಿಗೆ ಹೋಗಲ್ಲ. ನೀನು ಒಂಬತ್ತು ಮೈಲಿ ಬೆಟ್ಟ ಹತ್ತಿ ಬಂದು ಹೇಳ್ತಿದ್ದೀಯ." ಅವಳ ಕೈಯನ್ನು ತನ್ನ ಒರಟು ಕೈಯಿಂದ ಒತ್ತಿದ. "ತಪ್ಪು ಹೇಳಿದ್ದಕ್ಕೆ ಬೈಗುಳ ನಾಳೆ. ಇವತ್ತು ಬಂದಿದ್ದಕ್ಕೆ ಥ್ಯಾಂಕ್ಸ್."

ಅವಳಿಗೆ ಅಳು ಉಕ್ಕಿತು. ತಡೆಯಲು ಹೋಗಲಿಲ್ಲ.

"ಆಯ್ತಲ್ಲ, ಏಳಿ," ಎಂದ ಬೆನಿಗ್ನೊ. "ಲಾಡ್ಜಿಗೆ ಹೋಗೋಣ. ರಕ್ಷಣೆಯವರ ಡಾಕ್ಟರು ಅಲ್ಲಿಗೇ ಬರ್ತಾರೆ."

"ಬರ್ತೀನಿ. ಆದ್ರೆ ನಾಳಿದ್ದು ನನ್ನ ಇದೇ ಮರದ ಕೆಳಗೆ ತಂದು ಬಿಡ್ಬೇಕು."

"ಇದೇ ಮರ ಯಾಕೆ?"

"ಚಕ್ರ ಇಲ್ಲಿವರೆಗೆ ಉರುಳಿದೆ. ಒಂದು ಅಡಿ ಬಿಟ್ರೂ ದೇಶ ದಾಟಿದ ಹಾಗಾಗಲ್ಲ."

ಬೆನಿಗ್ನೊ ಡೆಲ್ಫೀನಾಳ ಕಡೆ ತಿರುಗಿದ. "ಬಿಸಿಲು ತಲೆಗೇರಿದೆ ಪಾಪ."

"ಇಲ್ಲ ಮಾಮ. ಇವರೆಲ್ಲಾ ಮೊದಲಿನಿಂದ್ಲೂ ಹೀಗೇ."

ಮೂವರೂ ನಕ್ಕರು. ವೆಂಡೆಲ್‌ನ ನಗು ಕೆಮ್ಮಾಯಿತು, ಮತ್ತೆ ನಗುವಾಯಿತು. ಬೆನಿಗ್ನೊ ಗೊಣಗುತ್ತಲೇ ಚಕ್ರದ ಗೀಟು ಮುಗಿದ ಜಾಗದಲ್ಲಿ ಬೂಟಿನಿಂದ ಗೀರೆಳೆದು, ಮೂರು ಕಲ್ಲು ಒಂದರ ಮೇಲೊಂದು ಇಟ್ಟ. ಮುದುಕ ಹೇಳಿದನೆಂದು ಒಂದನ್ನು ಬೆರಳಷ್ಟು ಹಿಂದಕ್ಕೆ ಸರಿಸಿದ ಕೂಡ. ಆಮೇಲೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಟ್ರಕ್ಕಿಗೆ ಹಾಕಿದ.

ಕವಲಿನಲ್ಲಿ ಅವನು ಗಾಡಿ ನಿಲ್ಲಿಸಿ, ಹಿಂದಿನಿಂದ ಒಂದು ಹಲಗೆ ಮತ್ತು ಬಿಳಿ ಬಣ್ಣದ ಡಬ್ಬ ಇಳಿಸಿ ಅವಳ ಮುಂದಿಟ್ಟ. ಅವಳು ಬರೆದಳು: ಒಳಗೆ ನೀರಿಲ್ಲ.

"ದೊಡ್ಡದಾಗಿ," ಎಂದು ವೆಂಡೆಲ್ ಕಿಟಕಿಯಿಂದ ಕೂಗಿದ. "ನಮ್ಮಂಥ ಮುದುಕರಿಗೆ ಕಾಣ್ಬೇಕು."

ಅವಳು ಇನ್ನೊಂದು ಸಲ, ಹಲಗೆಯ ಅಂಚಿನಿಂದ ಅಂಚಿಗೆ, ತಿದ್ದಿ ಬರೆದಳು. ಕಲ್ಲು ಪೇರಿಸಿ ನಿಲ್ಲಿಸಿದರು.

ಘಾಟಿ ಇಳಿಯುವಾಗ, ಬೆನಿಗ್ನೊ ಮಾಡುತ್ತಿದ್ದ ಕೆಲಸವನ್ನು ಡೆಲ್ಫೀನಾಳಿಂದ ತಿಳಿದ ಮುದುಕ ನಡುವೆ ಕೂತು ಅವನಿಗೆ ಹೇಳಿದ, "ನಿಮಗೂ ಥ್ಯಾಂಕ್ಸ್ ಸ್ವಾಮಿ. ರಸ್ತೆ ತುಂಬ ಚೆನ್ನಾಗಿ ಇಟ್ಟಿದ್ದೀರಿ. ಬೆಳಗ್ಗೆ ಒಂಬತ್ತು ಮೈಲೀಲಿ ಒಂದೂ ಗುಂಡಿ ಸಿಗಲಿಲ್ಲ."

ಮೂವತ್ತು ವರ್ಷದಲ್ಲಿ ಆ ಮಾತನ್ನು ಬೆನಿಗ್ನೊಗೆ ಯಾರೂ ಹೇಳಿರಲಿಲ್ಲವೇನೋ. ಅವನು ಮೊಟ್ಟೆ ತುಂಬಿದ ಬುಟ್ಟಿ ಸಾಗಿಸುವವನಂತೆ ಗಾಡಿ ಬಿಡತೊಡಗಿದ. ಐದನೇ ಮೈಲಿಯ ಹೊತ್ತಿಗೆ ವೆಂಡೆಲ್ ತೂಕಡಿಸಿ ಡೆಲ್ಫೀನಾಳ ಹೆಗಲಿಗೆ ಒರಗಿದ. ಅವಳು ಕಿವಿಗೊಟ್ಟು ಕೇಳಿದಳು. ಉಸಿರು ಹೋಗುತ್ತಿತ್ತು, ಬರುತ್ತಿತ್ತು. ಹೆಗಲು ಜೋಮು ಹಿಡಿದರೂ ಗಲೀನಾ ಬರುವವರೆಗೆ ಅವಳು ಅಲುಗಾಡಲಿಲ್ಲ.