ಎರಡು ಕನಸಿಗೆ ಒಂದೇ ಹಾಸಿಗೆ

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ನದಿ ಒಂದು ಹೆಣ್ಣು ಮಗುವನ್ನು ಹೆತ್ತಿತು. ತೂಕ ಎರಡು ಕಿಲೋ ಒಂಬೈನೂರು ಗ್ರಾಂ. ನದಿಯ ನೀರಿನ ಮಟ್ಟ ಅಳೆಯುವ ಕಚೇರಿಯ ಪರದೆಯ ಮೇಲೆ ಹಾಗೆಂದು ಬಂದಿತ್ತು.

"ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನಾವಲ್ಲ ಅಕ್ಕಾ," ಎಂದ ಗಡಿಯಾರ ಫೋನಿನಲ್ಲಿ. "ಅದಕ್ಕೇ ನಿಮಗೆ ಫೋನ್ ಮಾಡ್ತಿರೋದು. ಈಗ ಹತ್ತು ಮೂವತ್ತೆಂಟು."

ಗಡಿಯಾರ ಎಂದರೆ ನದಿಯ ಕಚೇರಿಯೂ ಜನನ ನೋಂದಣಿ ಕಚೇರಿಯೂ ಹಂಚಿಕೊಂಡಿದ್ದ ದೊಡ್ಡ ಕಂಪ್ಯೂಟರ್ ಕೂತಿದ್ದ ಕೋಣೆಯ ಆಪರೇಟರ್. ಮಾತಿಗೊಮ್ಮೆ ಗಂಟೆ ಹೇಳುತ್ತಿದ್ದುದರಿಂದ, ಅವನು ಅಕ್ಕಾ ಎನ್ನುತ್ತಿದ್ದ ಅವಳೇ ಇಟ್ಟ ಹೆಸರು. ಅವಳಿದ್ದುದು ಊರಿನ ಇನ್ನೊಂದು ತುದಿಯಲ್ಲಿ, ಒಂಬತ್ತನೇ ಮಹಡಿಯ ಕಿಟಕಿಯ ಪಕ್ಕ. ಆ ಕಂಪ್ಯೂಟರಿನೊಳಗಿನ ವರ್ಚುವಲ್ ಮಷೀನುಗಳನ್ನು ನೋಡಿಕೊಳ್ಳುವ ತಂತ್ರಾಂಶಕ್ಕೆ ಕಾಯಿಲೆ ಬಂದರೆ ಅವಳೇ ಡಾಕ್ಟರು, ಅವಳೇ ದಾದಿ.

ಕಬ್ಬಿಣದ ಯಂತ್ರ ಒಂದೇ. ಅದರೊಳಗೆ ಎಪ್ಪತ್ತು ಯಂತ್ರಗಳು ಕನಸು ಕಾಣುತ್ತಾ ಮಲಗಿರುತ್ತವೆ. ಇಡೀ ಮನೆ ತನ್ನದೇ ಎಂದು ಪ್ರತಿಯೊಂದೂ ನಂಬಿರುತ್ತದೆ. ಕಸುಬಿನವರು ಅವುಗಳನ್ನು ಅತಿಥಿಗಳು ಎನ್ನುತ್ತಾರೆ. ಪ್ರತಿ ಅತಿಥಿಗೂ ಡಿಸ್ಕಿನ ಮೇಲೆ ಒಂದು ಹಾಸಿಗೆ. ಯಾರ ಹಾಸಿಗೆ ಎಲ್ಲಿಂದ ಶುರು, ಎಷ್ಟು ಅಗಲ ಎಂಬುದಕ್ಕೆ ಒಂದು ಪಟ್ಟಿ. ಆ ಪಟ್ಟಿ ಬರೆಯುವ ಅಧಿಕಾರ ಸಿಗಲು ಅವಳು ಆರು ವರ್ಷ ಕಾದಿದ್ದಳು. ಸಿಕ್ಕ ದಿನ, ಯಾರಿಗೂ ಹೇಳದೆ, ಕಚೇರಿಯ ಮೆಟ್ಟಿಲುಗಳನ್ನು ಕುಣಿಯುತ್ತಾ ಇಳಿದಿದ್ದಳು.

"ಜನನ ನೋಂದಣಿಯವರ ಕಡೆ ಹೇಗಿದೆ?" ಎಂದು ಕೇಳಿದಳು.

"ಅಲ್ಲಿ ಮಕ್ಕಳೇ ಇಲ್ಲ. ಒಂದು ಕೂಸಿನ ಹೆಸರಿನ ಜಾಗದಲ್ಲಿ 'ಅಪಾಯದ ಮಟ್ಟಕ್ಕಿಂತ ಕೆಳಗೆ' ಅಂತಿದೆ. ಸೋಮವಾರದಿಂದ ನಲವತ್ತೊಂದು ಹೆರಿಗೆ. ಒಂದೂ ನೆಟ್ಟಗಿಲ್ಲ."

ಸೋಮವಾರ ಎಂದ ಕೂಡಲೇ, ಕುಂಬಳಕಾಯಿ ಕಳ್ಳನಂತೆ, ಅವಳು ಹೆಗಲು ಮುಟ್ಟಿ ನೋಡಿಕೊಂಡಳು.

ಪಟ್ಟಿ ತೆರೆದಳು. ಸೋಮವಾರ ಮಧ್ಯಾಹ್ನ ಜನನ ಕಚೇರಿಯ ಅತಿಥಿಗೆ ಹೊಸ ಹಾಸಿಗೆ ಹಾಕಿಕೊಟ್ಟವಳು ಅವಳೇ. ಐನೂರರಿಂದ ಶುರು, ಇನ್ನೂರು ಅಗಲ ಎಂದಿರಬೇಕಿತ್ತು. ಅಗಲದ ಜಾಗದಲ್ಲಿ ಆರುನೂರ ತೊಂಬತ್ತೊಂಬತ್ತು ಎಂದಿತ್ತು. ಅದು ಹಾಸಿಗೆ ಮುಗಿಯುವ ಜಾಗ, ಅಗಲವಲ್ಲ. ಏಳುನೂರರಿಂದ ನದಿ ಮಲಗಿತ್ತು. ಐದು ದಿನದಿಂದ ಕೂಸುಗಳು ನದಿಯ ಮೇಲೆ ಹೊರಳುತ್ತಿದ್ದವು, ನದಿ ಕೂಸುಗಳ ಮೇಲೆ ಹರಿಯುತ್ತಿತ್ತು. ಇಬ್ಬರಿಗೂ ಎಚ್ಚರವಿಲ್ಲ.

ಹಾಸಿಗೆಗಳು ಒಂದರ ಮೇಲೊಂದು ಬಿದ್ದಿವೆಯೇ ಎಂದು ಕೇಳಿದರೆ ತಂತ್ರಾಂಶವೇ ಹೇಳುತ್ತದೆ. ಒಂದೇ ಸಾಲಿನ ಆಜ್ಞೆ. ಅವಳು ಕೇಳಿರಲಿಲ್ಲ. ಆಗ ಅವಳ ಕಿವಿಗೂ ಹೆಗಲಿಗೂ ನಡುವೆ ಫೋನಿತ್ತು. "ಅಕ್ಕಾ, ನೀರು ಹೋಯ್ತು, ಬೇಗ ಬಾರೇ," ಎನ್ನುತ್ತಿದ್ದಳು ತುಂಬು ಬಸುರಿ ತಂಗಿ.

"ಅಕ್ಕಾ, ಇದ್ದೀರಾ? ಹನ್ನೊಂದು ಗಂಟೆ. ಕಾರಣ ಏನಂತ ಬರೀಲಿ?"

"ನೋಡ್ತಿದ್ದೀನಿ," ಎಂದಳು.

"ನೋಡಿ. ಆದ್ರೆ ಕಾರಣ ಗೊತ್ತಾಗದಿದ್ರೆ ನಾಲ್ಕು ಗಂಟೆಗೆ ಎಲ್ಲಾ ಆರಿಸಿ ಭಾನುವಾರ ತೆಗೆದಿಟ್ಟ ಪ್ರತಿ ಹಾಕು ಅಂದಿದ್ದಾರೆ ನಮ್ಮ ಮೇಡಂ. ನದಿಗೇನು, ನಾಳೇನೂ ಹರಿಯತ್ತೆ. ಆ ಮಕ್ಕಳನ್ನ ಇನ್ನೊಂದ್ಸಲ ಹೆರು ಅಂತ ಯಾರಿಗೆ ಹೇಳೋಣ?"

ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಕಿಟಕಿಯ ಗಾಜಿನ ಮೇಲೆ ಬಿಸಿಲು ಹಾಲಿನ ಕೆನೆಯಂತೆ ನಿಂತಿತ್ತು. ಪರದೆಯ ಮೇಲಿನ ದೂರಿನ ನಮೂನೆಯಲ್ಲಿ, ಕಾರಣದ ಕಾಲಮ್ಮಿನಲ್ಲಿ ಕರ್ಸರ್ ಮಿಟುಕುತ್ತಿತ್ತು. ಕಚೇರಿಯ ನಿಯಮ ಅವಳಿಗೆ ಬಾಯಿಪಾಠ: ಪರೀಕ್ಷೆ ಬಿಟ್ಟು ಪಟ್ಟಿ ಬರೆದವರು ಮತ್ತೆ ಪಟ್ಟಿ ಮುಟ್ಟುವಂತಿಲ್ಲ. 'ಕಾರಣ ತಿಳಿದಿಲ್ಲ' ಎಂದರೆ ಎರಡೇ ಪದ. ನಾಲ್ಕು ಗಂಟೆಗೆ ಎಲ್ಲ ಆರಿ, ಹೊತ್ತಿ, ಅವಳ ಸಾಲೂ ಅಳಿಸಿಹೋಗುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅವಳೂ ಕಣ್ಣು ಮುಚ್ಚಿದಳು. ಕಚೇರಿಯ ನೆಲದ ಮೇಲೆ ನೀರು ಮೆಲ್ಲಗೆ ಏರುತ್ತಿತ್ತು. ಕುರ್ಚಿಗಳು ತೇಲಿದವು. ನೀರಿನ ಮೇಲೆ ಬಿಳಿ ಹಾಳೆಗಳು ಒಂದರ ಹಿಂದೊಂದು ಬರುತ್ತಿದ್ದವು, ಒಂದೊಂದು ಹಾಳೆಯ ಮೇಲೂ ಒಂದೊಂದು ಕೂಸು, ಅಳದೆ, ಚಾವಣಿ ನೋಡುತ್ತಾ. ಹಾಳೆ ಮಾತ್ರ ಒದ್ದೆಯಾಗಿರಲಿಲ್ಲ.

ಹಾಳೆ! ತಟ್ಟನೆ ಕಣ್ಣು ಬಿಟ್ಟಳು. ಪ್ರತಿ ಅತಿಥಿಗೂ ಒಂದು ಇಲ್ಲದ ಪ್ರಿಂಟರ್ ಇರುತ್ತದೆ. ಇಲ್ಲದ ಪ್ರಿಂಟರಿಗೆ ಕಳಿಸಿದ ಹಾಳೆಗಳು ಬೇರೆಯೇ ಜಾಗದಲ್ಲಿ ಸಾಲಾಗಿ ಕಾಯುತ್ತವೆ, ಯಾರಾದರೂ ಕರೆಯಲಿ ಎಂದು. ಜನನ ಕಚೇರಿ ಪ್ರತಿ ಹೆರಿಗೆಗೂ ಒಂದು ಹಾಳೆ ಕಳಿಸುತ್ತಿತ್ತು. ಯಾರೂ ಕರೆದಿರಲಿಲ್ಲ. ನಾಲ್ಕು ಗಂಟೆಗೆ ಯಂತ್ರ ಆರಿಸಿದರೆ ಭಾನುವಾರದ ಪ್ರತಿಯಲ್ಲಿ ಆ ಸಾಲು ಇರುವುದಿಲ್ಲ.

ಮೂರು ಐವತ್ತು. ಅವಳು ಕಾರಣದ ಕಾಲಮ್ಮಿನಲ್ಲಿ ಬರೆದಳು: 'ಅಗಲದ ಜಾಗದಲ್ಲಿ ಕೊನೆಯ ಸಂಖ್ಯೆ ಬರೆದವಳು ನಾನು. ಪರೀಕ್ಷೆ ಮಾಡಲಿಲ್ಲ. ಯಂತ್ರ ಆರಿಸಬೇಡಿ.' ಕಳಿಸಿ, ಫೋನ್ ಎತ್ತಿದಳು.

"ಓದಿದೆ," ಎಂದ ಗಡಿಯಾರ. ಮೊದಲ ಸಲ ಗಂಟೆ ಹೇಳಲಿಲ್ಲ. ಅವನ ಹಿಂದೆ ಫ್ಯಾನುಗಳು ಯಾರದೋ ನಿದ್ದೆಯಂತೆ ಉಸಿರಾಡುತ್ತಿದ್ದವು. "ಮೇಡಂ ನಿಲ್ಸಿ ಅಂದ್ರು. ನಿಲ್ಸಿದೀನಿ. ಬರೀದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?"

"ಮಕ್ಕಳನ್ನ ಕರೀರಿ," ಎಂದಳು ಅವಳು.

ನದಿಯ ಅತಿಥಿಯನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿದರು. ಪಟ್ಟಿಯಲ್ಲಿ ಇನ್ನೂರು ಎಂದು ತಿದ್ದಿದಳು; ಈ ಸಲ ಪರೀಕ್ಷೆ ಮಾಡಿದಳು. ಹಾಸಿಗೆಗಳು ಪಕ್ಕಪಕ್ಕದಲ್ಲಿ ಮಲಗಿದ್ದವು, ಒಂದರ ಕೈ ಇನ್ನೊಂದಕ್ಕೆ ತಾಗದಂತೆ. ಆಮೇಲೆ ಗಡಿಯಾರ ಹಾಳೆಗಳನ್ನು ಒಂದೊಂದಾಗಿ ಕರೆದ. ಗಂಡು, ಮೂರು ಕಿಲೋ ಇನ್ನೂರು. ಹೆಣ್ಣು, ಎರಡು ಕಿಲೋ ಒಂಬೈನೂರು. ಅವಳಿಜವಳಿ. ಅವನು ಓದುತ್ತಾ ಹೋದಂತೆ ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗಿತು.

"ನಲವತ್ತು," ಎಂದು ನಿಲ್ಲಿಸಿದ. ಕೆಮ್ಮಿದ. "ಒಂದು ಕಮ್ಮಿ. ತಪ್ಪು ನಂದೂ ಇದೆ ಅಕ್ಕಾ. ಪ್ರತಿ ಸೋಮವಾರ ಸಂಜೆ ಐದಕ್ಕೆ ನಾನು ಹಾಳೆಗಳ ಸಾಲು ಗುಡಿಸ್ತೀನಿ. ಈ ಸೋಮವಾರ ಗುಡಿಸೋಕೆ ಮುಂಚೆ ಒಂದು ಹೆರಿಗೆ ಆಗಿತ್ತು. ಆ ಹಾಳೆ ಹೋಯ್ತು."

 ಪರದೆಯಲ್ಲಿ ಒಂದು ಸಂದೇಶ ಬಂದಿತ್ತು: ಪಟ್ಟಿ ಬರೆಯುವ ನಿಮ್ಮ ಅಧಿಕಾರವನ್ನು ಈ ಕ್ಷಣದಿಂದ ಹಿಂಪಡೆಯಲಾಗಿದೆ. ಆರು ವರ್ಷ ಒಂದೇ ಸಾಲಿನಲ್ಲಿ ಹಿಡಿಸಿತ್ತು. ಅವಳು ಅದನ್ನು ಓದಿದಳು, ಮುಚ್ಚಿದಳು.

"ಬರ್ಕೊಳ್ಳಿ," ಎಂದಳು. "ಹೆಣ್ಣು. ಸೋಮವಾರ ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಎರಡು ಕಿಲೋ ಆರುನೂರ ಐವತ್ತು. ತಲೆ ತುಂಬಾ ಕೂದಲು."

"ಕೂದಲಿಗೆ ಕಾಲಮ್ ಇಲ್ಲ ಅಕ್ಕಾ."

"ಸರಿ ಬಿಡಿ. ಹುಟ್ಟಿದ ತಕ್ಷಣ ಸೀನಿತು. ಅದಕ್ಕೂ ಇರಲ್ಲ."

ಅವನು ನಕ್ಕ. ಕೀಲಿಗಳ ಸದ್ದು ಕೇಳಿಸಿತು, ನಿಧಾನವಾಗಿ, ಒಂದೊಂದು ಅಂಕಿಯನ್ನೂ ಎರಡು ಸಲ ನೋಡಿ ಒತ್ತುವವನ ಸದ್ದು. "ಆಸ್ಪತ್ರೆ ಚೀಟಿ ನಾಳೆ ಕಳ್ಸಿಬಿಡಿ. ಈಗ ಮಾಹಿತಿ ಕೊಟ್ಟೋರು ಯಾರು ಅಂತ ಬರೀಲಿ? ಸಪೋರ್ಟಿನೋರು ಅಂತ್ಲಾ?"

"ಬೇಡ," ಎಂದಳು ಅವಳು. "ದೊಡ್ಡಮ್ಮ ಅಂತ ಬರೀರಿ."