ಮಂಡಳಿಯ ಮೂಗು

ಮೂಗುರಾಯ ಕಚೇರಿಯ ಕಿಟಕಿ ತೆರೆದು ಒಮ್ಮೆ ಉಸಿರೆಳೆದರೆ ಸಾಕು, ಸುತ್ತಲಿನ ಊರುಗಳ ತಿಪ್ಪೆಗಳ ನಾತವೆಲ್ಲ ಅವನ ಮೂಗಿನೊಳಗೆ ಹೊಕ್ಕು, ಸಾಲಾಗಿ ನಿಂತು, ತಮ್ಮ ತಮ್ಮ ಮಾಲೀಕರು ಯಾರೆಂದು ಹೇಳಿಯೇ ಹೊರಗೆ ಬರುತ್ತಿದ್ದವು. ಒಮ್ಮೆ ಅವನಿಗೆ ಸೀನು ಬಂದು ಎಕರೆಗಟ್ಟಲೆ ಜೋಳ ನೆಲಕ್ಕೆ ಮಲಗಿತ್ತಂತೆ. ನಂಬಿಕೆ ಬಾರದಿದ್ದರೆ ಅವನನ್ನೇ ಕೇಳಬಹುದು. ಇದನ್ನೆಲ್ಲ ಹೇಳಿದವನೂ ಅವನೇ.

ಇಂಥ ಮೂಗನ್ನು ಪ್ರಾದೇಶಿಕ ಮಂಡಳಿ ಬಿಟ್ಟೀತೆ? ವಾಸನೆ ಇನ್‌ಸ್ಪೆಕ್ಟರ್ ಅಂತ ಕುರ್ಚಿ ಕೊಟ್ಟು ಕೂರಿಸಿತು. ಸೀಮೆಯ ನೆಲ, ನೀರು, ಸಗಣಿ ಮೂರೂ ಆ ಮಂಡಳಿಯ ಸುಪರ್ದಿಯಲ್ಲಿದ್ದವು. ಸಗಣಿ ಕೊಟ್ಟಿಗೆಯಲ್ಲಿದ್ದರೆ ತ್ಯಾಜ್ಯ ಸಮಿತಿಗೆ ಸೇರಿದ್ದು, ಹೊಲಕ್ಕೆ ಬಿದ್ದರೆ ನೆಲದ ಸಮಿತಿಗೆ, ಹಳ್ಳಕ್ಕೆ ಜಾರಿದರೆ ನೀರಿನ ಸಮಿತಿಗೆ. ಒಂದು ಹಸು ಮುಂಗಾಲು ಹೊಲದಲ್ಲಿ, ಹಿಂಗಾಲು ಹಳ್ಳದಲ್ಲಿ ಇಟ್ಟು ಬಾಲ ಎತ್ತಿದ್ದೇ ತಪ್ಪಾಯಿತು. ಆ ಸಗಣಿ ಯಾರದೆಂದು ಸಮಿತಿಗಳು ಚರ್ಚೆ ಮುಗಿಸುವಷ್ಟರಲ್ಲಿ ಹಸುವಿನ ಮೊಮ್ಮಗಳು ಕರು ಹಾಕಿತ್ತು, ಸಗಣಿ ಸಮುದ್ರ ಸೇರಿತ್ತು. ನೀರು ಪರೀಕ್ಷೆಗೆಂದು ತರಿಸಿದ ಯಂತ್ರ ಮಾತ್ರ ರಟ್ಟಿನ ಪೆಟ್ಟಿಗೆಯಿಂದ ಹೊರಗೇ ಬಂದಿರಲಿಲ್ಲ. ಅದರ ಮೇಲೆ ಅಧ್ಯಕ್ಷರು ಊಟದ ಡಬ್ಬಿ ಇಡುತ್ತಿದ್ದರು. ಡಬ್ಬಿಗೆ ಹೇಳಿ ಮಾಡಿಸಿದ ಎತ್ತರ.

ಆ ವರ್ಷ ಹಳ್ಳ ನಾರತೊಡಗಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಹಳ್ಳದ ಮೇಲ್ಗಡೆ ಅಧ್ಯಕ್ಷರ ಭಾವಮೈದುನನ ಕೋಳಿ ಫಾರಂ. ಕೆಳಗಡೆ ಮೂಗುರಾಯನ ಸ್ವಂತ ಅತ್ತಿಗೆಯ ಕೊಟ್ಟಿಗೆ; ನಾಲ್ಕಾರು ಹಸು, ಒಂದು ಗೊಬ್ಬರದ ಗುಂಡಿ, ಅದರಲ್ಲೇ ಅಣ್ಣ-ಅತ್ತಿಗೆಯ ಬದುಕು. ಮಂಗ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಹಾಗೆ ದೂರು ಬರುವ ಮೊದಲೇ ಅಧ್ಯಕ್ಷರಿಗೆ ಅಪರಾಧಿ ಸಿಕ್ಕಿಬಿಟ್ಟಿದ್ದಳು.

ಅವರು ಹಳ್ಳದ ಮೂರು ಕಡೆಯಿಂದ ಮೂರು ಬಾಟಲಿ ನೀರು ತರಿಸಿ ಮೇಜಿನ ಮೇಲಿಟ್ಟರು. ಮೂಗುರಾಯ ಎಂದಿನಂತೆ ಕಣ್ಣು ಮುಚ್ಚಿ ಮೂಸಿದ. ಮುಚ್ಚಿದ ಎಡಗಣ್ಣು ಎಂದಿನಂತೆ ಕೂದಲೆಳೆಯಷ್ಟು ತೆರೆದೇ ಇತ್ತು. ಎರಡನೆಯ ಬಾಟಲಿ ಮೂಗಿನ ಹತ್ತಿರ ಬಂದಾಗ ಅಧ್ಯಕ್ಷರ ಉಂಗುರದ ಬೆರಳು ಮೇಜನ್ನು ಟಕ್ಕೆಂದು ಕುಟ್ಟಿತು.

"ಇದೇ!" ಎಂದ ಮೂಗುರಾಯ. "ಕೆಂದ ಹಸು. ಬಲಗಾಲು ಕುಂಟು. ನಿನ್ನೆ ಜೋಳದ ಸಿಪ್ಪೆ ತಿಂದಿದೆ."

ಬಾಟಲಿ ಅತ್ತಿಗೆಯ ಕೊಟ್ಟಿಗೆ ಪಕ್ಕದ್ದೆಂದು ಗುಮಾಸ್ತ ಚೀಟಿ ಓದಿ ಹೇಳಿದಾಗ ಮೂಗುರಾಯನ ಎರಡೂ ಕಣ್ಣು ಪೂರ್ತಿ ತೆರೆದವು. ಕೊಟ್ಟಿಗೆ ಮುಚ್ಚಬೇಕು, ಹಸು ಮಾರಬೇಕು. ಬಹಿರಂಗ ಸಭೆಯಲ್ಲಿ ಮೂಗುರಾಯ ಇನ್ನೊಮ್ಮೆ ಹೂಂ ಅಂದರೆ ಆದೇಶಕ್ಕೆ ಮುದ್ರೆ ಬೀಳುವುದಿತ್ತು.

ಸಭೆಯ ದಿನ ಹಾಲ್ ತುಂಬಿತ್ತು. ಅತ್ತಿಗೆ ಮುಚ್ಚಳ ಹಾಕಿದ ಹಾಲಿನ ಕ್ಯಾನು ಹಿಡಿದು ಬಂದಳು. ಹಿಂದೆ ಅಣ್ಣ, ಕೈಯಲ್ಲಿ ಕರವಸ್ತ್ರ ಹಿಡಿದು.

"ಏನಮ್ಮಾ, ಅಧ್ಯಕ್ಷರಿಗೆ ಹಾಲೋ?" ಎಂದರು ಅಧ್ಯಕ್ಷರು.

"ಅಷ್ಟು ಪುಣ್ಯ ನಿಮಗೆಲ್ಲಿ ಬರ್ಬೇಕು, ಸಾಹೇಬ್ರೇ! ನೀರು ತಂದಿದೀನಿ. ನಮ್ ಮೈದುನ ಒಂದ್ಸಲ ಮೂಸ್ಲಿ. ಅವನು ಹೇಳಿದ್ದಕ್ಕೆ ನಾನು ತಲೆಬಾಗ್ತೀನಿ."

"ಮೂಸಯ್ಯಾ, ಅದಕ್ಕೇನಂತೆ," ಎಂದರು ಅಧ್ಯಕ್ಷರು, ಬೆರಳನ್ನು ಮೇಜಿನ ಮೇಲೆ ಸಿದ್ಧವಾಗಿಟ್ಟುಕೊಂಡು.

"ಒಂದು ನಿಮಿಷ." ಅತ್ತಿಗೆ ಹೆಗಲ ಮೇಲಿನ ವಸ್ತ್ರ ತೆಗೆದಳು. "ಇಂಥ ಮೂಗಿಗೆ ಕಣ್ಣಿನ ಸಹಾಯ ಯಾಕೆ? ಕಟ್ತೀನಿ. ಬೇಡ ಅಂದ್ರೆ ಬೇಡ ಅನ್ನು ಕಣಪ್ಪಾ, ಬಲವಂತ ಇಲ್ಲ."

ಇಡೀ ಹಾಲ್ ಅವನನ್ನೇ ನೋಡುತ್ತಿತ್ತು. ಮೂಗುರಾಯನ ಬಾಯಿ ಅಭ್ಯಾಸ ಬಿಡಲಿಲ್ಲ.

"ಕಣ್ಣೇನು ಅತ್ತಿಗೆ, ಕಿವೀನೂ ಕಟ್ಟಿ! ಏಳು ಕಂಬಳಿ ಹೊದಿಸಿ!"

"ಕಿವಿ ಕಟ್ಟೋದು ಒಳ್ಳೆ ಯೋಚನೆ," ಎಂದು ಅವಳು ಅದನ್ನೂ ಕಟ್ಟಿದಳು. ಬೆರಳಿನ ಟಕಟಕವೂ ಹೋಯಿತು.

ಕತ್ತಲಲ್ಲಿ ಮೂಗುರಾಯ ಲೆಕ್ಕ ಹಾಕಿದ. ಕ್ಯಾನು ತಂದವಳು ಅತ್ತಿಗೆ, ಅಂದ ಮೇಲೆ ಒಳಗಿರುವುದು ಅವಳ ಕೊಟ್ಟಿಗೆ ಪಕ್ಕದ ಬಾವಿಯ ನೀರೇ. ಹೊಗಳಿದರೆ ಅವಳೂ ಉಳಿದಾಳು, ತಾನೂ ಉಳಿದಾನು.

ಅತ್ತಿಗೆ ಮುಚ್ಚಳ ತೆಗೆದು ಕ್ಯಾನನ್ನು ಅವನ ಕೈಗಿಟ್ಟಳು. ಮೂಗುರಾಯ ಕ್ಯಾನಿನೊಳಗೆ ಮುಖವಿಟ್ಟು ಹೊಕ್ಕುಳಿಂದ ಉಸಿರೆಳೆದ. ಬಟ್ಟೆಯೊಳಗೆ ಕಣ್ಣು ಉರಿದು ಧಾರಾಕಾರ ನೀರು ಸುರಿಯಿತು.

"ಆಹಾ!" ಎಂದು ತಲೆದೂಗಿದ. "ನೋಡಿ, ಆನಂದಕ್ಕೆ ಕಣ್ಣೀರು ಬಂತು! ಕಲ್ಲುಬಂಡೆಯ ಮಧ್ಯೆ ಹುಟ್ಟಿದ ನೀರು. ಇದನ್ನ ಹಸುಗೂಸಿಗೆ ಕುಡಿಸಬಹುದು. ಅಧ್ಯಕ್ಷರೇ, ತಾವೂ ಒಂದು ಲೋಟ ತಗೊಳ್ಳಿ!"

ಬಟ್ಟೆ ಬಿಚ್ಚಿಕೊಂಡು ನೋಡಿದರೆ ಮುಂದಿನ ಸಾಲುಗಳು ಖಾಲಿ. ನೆಲದ ಸಮಿತಿ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು, ನೀರಿನ ಸಮಿತಿ ಅದರ ಬೆನ್ನ ಮೇಲಿತ್ತು. ಮೂರೂ ಸಮಿತಿಗಳು ಒಂದೇ ದಿಕ್ಕಿಗೆ ನಡೆದದ್ದು ಮಂಡಳಿ ಹುಟ್ಟಿದ ಮೇಲೆ ಅದೇ ಮೊದಲು. ಅಧ್ಯಕ್ಷರು ಅರ್ಧ ದೇಹ ಕಿಟಕಿಯಾಚೆ ಹಾಕಿ ಜೋತಾಡುತ್ತಿದ್ದರು. ಗೋಡೆಯ ಮೇಲಿನ ಪಟದವರೂ ಮೂಗು ಹಿಡಿದುಕೊಂಡಿದ್ದರು ಎಂದರೆ ಸುಳ್ಳಾಗಲಾರದು. ಮೂಗಿಗೆ ಸೆರಗು ಒತ್ತಿಕೊಂಡು ಅತ್ತಿಗೆ, ಕರವಸ್ತ್ರ ಒತ್ತಿಕೊಂಡು ಅಣ್ಣ, ಇಬ್ಬರೇ ಎದುರಿಗೆ ನಿಂತಿದ್ದರು.

"ಏನಿದು ಅತ್ತಿಗೆ?"

"ಕಾಣಲ್ವಾ? ಕೋಳಿ ಫಾರಂ ಮೋರಿ ನೀರು. ಸತ್ತ ಕೋಳಿ ಪುಕ್ಕಾನೂ ತೇಲ್ತಿದೆ ನೋಡು."

ಅವನು ನೋಡಿದ. ತೇಲುತ್ತಿತ್ತು.

"ಸಾಹೇಬ್ರೇ," ಎಂದು ಅತ್ತಿಗೆ ಕಿಟಕಿಯತ್ತ ಕೂಗಿದಳು, "ಈ ಮೂಗನ್ನ ನಂಬಿ ಕೊಟ್ಟಿಗೆ ಮುಚ್ಚಿಸ್ತೀರೋ, ಇಲ್ಲಾ ಇವನು ಹೇಳಿದ ಹಾಗೆ ಒಂದು ಲೋಟ ಕುಡೀತೀರೋ?"

"ಆದೇಶ ರದ್ದು!" ಎಂದಿತು ಕಿಟಕಿಯಾಚೆಯ ಅರ್ಧ. "ಯಂತ್ರ ಬಿಚ್ಚಿಸ್ತೀನಿ! ಮೊದಲು ಆ ಕ್ಯಾನಿನ ಮುಚ್ಚಳ ಹಾಕಮ್ಮಾ ತಾಯೀ!"

ಅತ್ತಿಗೆ ಮುಚ್ಚಳ ಬಿಗಿದು ಮೈದುನನ ಕಡೆ ತಿರುಗಿದಳು. "ಈಗ ಹೇಳು. ಒಂದೇ ಒಂದು ನಿಜ ಹೇಳು."

ಮೂಗುರಾಯ ಬಾಯಿ ತೆರೆದ. ಏಳು ಕಂಬಳಿ, ಕುಂಟು ಹಸು, ಮಲಗಿದ ಜೋಳ ಎಲ್ಲ ತುದಿನಾಲಿಗೆಗೆ ಬಂದವು. ಪುಕ್ಕ ನೆನಪಾಗಿ ಹಿಂದಕ್ಕೆ ಹೋದವು.

"ನನಗೆ ವಾಸನೇನೇ ಗೊತ್ತಾಗಲ್ಲ, ಅತ್ತಿಗೆ. ಕೆಲಸಕ್ಕೆ ಸೇರೋ ಮುಂಚೆ ಜ್ವರ ಬಂದಿತ್ತಲ್ಲ, ಆಗಲೇ ಹೋಯ್ತು. ಅವರು ಬೆರಳು ಕುಟ್ಟೋರು, ನಾನು ಕತೆ ಕಟ್ಟೋನು. ಆ ಬಾಟಲಿ ನಿಮ್ಮದು ಅಂತ ನನ್ನಾಣೆಗೂ ಗೊತ್ತಿರಲಿಲ್ಲ."

"ಬೇರೆಯವರದಾಗಿದ್ರೆ ಪರವಾಗಿರಲಿಲ್ವಾ?"

ಅವನು ತಲೆ ತಗ್ಗಿಸಿದ.

"ಅಲ್ಲ ಕಣೋ," ಅತ್ತಿಗೆಗೆ ಏನೋ ಹೊಳೆದು ಸೆರಗು ಕೆಳಗಿಳಿಯಿತು, "ಇಷ್ಟು ವರ್ಷ ನಮ್ಮನೇಲಿ ಪಾತ್ರೆ ಮುಚ್ಚಳ ತೆಗೆದಾಗಲೆಲ್ಲಾ 'ಘಮ್ ಅಂತಿದೆ ಅತ್ತಿಗೆ' ಅಂತಿದ್ಯಲ್ಲ?"

ಮೂಗುರಾಯ ಅವಳ ಪಕ್ಕದಲ್ಲಿದ್ದ ಅಣ್ಣನ ಕಡೆ ಕಣ್ಣು ಹಾಯಿಸಿದ.

"ಅಣ್ಣನ ಮುಖ ನೋಡ್ಕೊಂಡು ಹೇಳ್ತಿದ್ದೆ."