ಬಾಣಂತಿ ಕೋಣೆಯ ಮೀನು

ಮೀನಿನ ಉಸಾಬರಿ ನಮಗೆ ಬೇಡವೋ ಮಾರಾಯಾ ಎಂದು ಅಬ್ರಾರನಿಗೆ ನಾನು ಕೈಮುಗಿದು ಹೇಳಿದ್ದೆ. ನಾವು ಲಿಂಗ ಕಟ್ಟಿದ ಮಂದಿ. ಈ ಫಕ್ಕೀರಪ್ಪನ ಮನೆಗೆ ಮೀನು ಬಂತು ಅಂದರೆ ಓಣಿಯವರು ಏನೆಂದುಕೊಂಡಾರು! ಆದರೆ ಅವನು ಕೇಳಬೇಕಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹತ್ತಿರ ನನ್ನದು ಖಾಲಿ ಚೀಲದ ಅಂಗಡಿ; ಎದುರಿಗೆ ಅವನದು ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ. ಅಲ್ಲಿದ್ದ ಗಾಜಿನ ತೊಟ್ಟಿಯನ್ನು ನೀರು, ಮೀನಿನ ಸಮೇತ ಎತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಇಟ್ಟೇಬಿಟ್ಟ.

"ಕಾಕಾ, ತಿನ್ನಾಕ ಕೊಡಾಕತ್ತಿಲ್ರಿ, ನೋಡಾಕ ಕೊಡಾಕತ್ತೇನಿ. ಶ್ರೀದೇವಕ್ಕಾರ ಕೋಣ್ಯಾಗ ಇಡ್ರಿ. ಏನರ ಒಂದು ಜೀವ ಓಡಾಡಿದ್ರ ಅವರ ಮನಸಿಗೆ ಚಲೋ ಅನಸತೈತಿ."

ನನ್ನ ಮಗಳು ಶ್ರೀದೇವಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು, ಎಂಟನೇ ತಿಂಗಳಲ್ಲೇ ಹಡೆದಿದ್ದಳು. ಕೂಸು ಹಾವೇರಿಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಅಳಿಯ ಸಿದ್ದಲಿಂಗೇಶ ಅಲ್ಲೇ ಪಡಸಾಲೆಯಲ್ಲಿ ಬೀಡು ಬಿಟ್ಟಿದ್ದ. ತಾಯಂದಿರು ಉಳಿಯಲು ಅಲ್ಲಿ ಜಾಗವಿರಲಿಲ್ಲ. ಇದ್ದಿದ್ದರೂ ನನ್ನ ಹೆಂಡತಿ ನೀಲಗಂಗವ್ವ ಬಿಡುತ್ತಿರಲಿಲ್ಲ. ಹಸಿ ಮೈಗೆ ಗಾಳಿ ತಾಕಬಾರದೆಂದು ಮಗಳ ಕಿವಿಗೆ ಅರಿವೆ ಕಟ್ಟಿ, ಕಿಟಕಿ ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು ಕಾವಲು ಕೂತಿದ್ದಳು. ಶ್ರೀದೇವಿ ಹಿಂಡಿ ಕೊಟ್ಟ ಹಾಲನ್ನು ನಾನು ದಿನಾ ಫ್ಲಾಸ್ಕಿನಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಆ ಹಾಲೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಕೂಸನ್ನು ಅವಳು ನೋಡಿದ್ದು ಒಂದೇ ಸಲ, ಅದೂ ಗಾಜಿನ ಆಚೆಯಿಂದ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ.

ತೊಟ್ಟಿ ಕೋಣೆಗೆ ಹೋಯಿತು. ಅಗ್ಗಿಷ್ಟಿಕೆಯ ಬಿಸಿ ಮೀನಿಗೂ ಹಿಡಿಸಿತೋ ಏನೋ, ಒಂದು ಮುಂಜಾನೆ ಒಳಗಿಂದ ಮಗಳ ದನಿ ಕೇಳಿತು.

"ಅಪ್ಪಾ! ಲಗೂ ಬಾ! ಆ ಹೊಟ್ಟಿ ದಪ್ಪಂದು ಹಡದೈತಿ! ಬರೇ ಕಣ್ಣಷ್ಟ ಕಾಣತಾವ ನೋಡು!"

ಅವಳು ಎದ್ದು ಕೂತಿದ್ದಳು. ನನಗೆ ಮೀನಿಗಿಂತ ಅದೇ ದೊಡ್ಡದಾಗಿ ಕಂಡಿತು. ಅಬ್ರಾರ ಓಡಿ ಬಂದು ಹೊಸ್ತಿಲ ಹೊರಗೇ ನಿಂತು ಹೇಳಿದ: "ಅಕ್ಕಾ, ಈ ಗಪ್ಪಿ ಮೀನು ತನ್ನ ಮರಿ ತಾನ ತಿಂತಾವ್ರಿ. ಮೊದಲ ಬ್ಯಾರೆ ಮಾಡ್ರಿ. ಬೇಯಿಸಿದ ತತ್ತಿಯ ಹಳದಿ ಪುಡಿ ಮಾಡಿ—"

"ನನ್ನ ಬಾಣಂತಿ ಕೋಣ್ಯಾಗ ತತ್ತಿ?" ಎಂದು ನೀಲಗಂಗವ್ವ ಎದ್ದ ರಭಸಕ್ಕೆ ಅವನು ಅಂಗಳ ದಾಟಿದ. ಅಲ್ಲಿಂದಲೇ ನಗುತ್ತ, ಒಣ ಹಿಟ್ಟನ್ನು ಬೆರಳಲ್ಲಿ ನುಣ್ಣಗೆ ತಿಕ್ಕಿ ಹಾಕಿದರೂ ನಡೆಯುತ್ತದೆ ಎಂದ. ಇವಳೋ ಅಂಟಿನುಂಡಿಯ ಪುಡಿ ಹಾಕಲು ಹೊರಟಿದ್ದಳು, ಆ ಮೀನು ಬಾಣಂತಿಗೂ ಶಕ್ತಿ ಬರಲಿ ಎಂದು. ನಾನು ಕೈ ಹಿಡಿದು ತಡೆದೆ.

ಶ್ರೀದೇವಿ ಚಹಾ ಸೋಸುವ ಜರಡಿಯಿಂದ ಮರಿಗಳನ್ನು ಒಂದೊಂದಾಗಿ ಎತ್ತಿ ಉಪ್ಪಿನಕಾಯಿಯ ಗಾಜಿನ ಭರಣಿಗೆ ಬಿಟ್ಟಳು. ಅಂದಿನಿಂದ ಅವಳಿಗೆ ಕೆಲಸ ಸಿಕ್ಕಿತು. ನೀರು ಬದಲಿಸುವುದು, ಹಿಟ್ಟು ತಿಕ್ಕುವುದು, ಭರಣಿಯನ್ನು ಕೆಂಡಕ್ಕೆ ತೀರ ಹತ್ತಿರವಾಗದಂತೆ ಸರಿಸುವುದು. ಊಟ ಮಾಡತೊಡಗಿದಳು. ಹಾಲು ಬಂತು. ನಾನು ಹಾವೇರಿಯಿಂದ ಬಂದ ಕೂಡಲೇ ಅವಳು ಕೂಸಿನ ಸುದ್ದಿ ಕೇಳುವಳು, ಮರಿಗಳ ಸುದ್ದಿ ಹೇಳುವಳು. "ಗಾಜಿನ್ಯಾಗಿದ್ದೂ ಬೆಳ್ಯಾಕತ್ತಾವಪ್ಪಾ" ಎನ್ನುವಳು. ನನ್ನ ಜೀವ ತಂಪಾಗುತ್ತಿತ್ತು.

ಕೆಟ್ಟದ್ದು ನಡೆದದ್ದು ಒಂದು ಮಧ್ಯಾಹ್ನ, ನಾನು ಹಾವೇರಿಯಲ್ಲಿದ್ದಾಗ. ಶ್ರೀದೇವಿ ಬಚ್ಚಲಲ್ಲಿ ಸೂಲಗಿತ್ತಿಯ ಕೈಲಿ ಎಣ್ಣೆ-ನೀರು ಹಾಕಿಸಿಕೊಳ್ಳುತ್ತಿದ್ದಳು. ಕೋಣೆ ಗುಡಿಸಲು ಬಂದ ನೀಲಗಂಗವ್ವನ ಕಣ್ಣಿಗೆ ತಾಯಿ ಮೀನು ಗಾಜಿಗೆ ಮೂತಿ ಹಚ್ಚಿ ಅತ್ತಿತ್ತ ಸುಳಿದಾಡುವುದು ಬಿತ್ತು. ಅಬ್ರಾರನ ಮಾತು ಅವಳು ಮೊದಲೇ ನಂಬಿರಲಿಲ್ಲ, ಹಡೆದವಳು ತಿನ್ನುವುದುಂಟೇ? ಬಾಣಂತಿಯಿಂದ ಕೂಸನ್ನು ಅಗಲಿಸಬಾರದು ಎಂದುಕೊಂಡು ಭರಣಿಯನ್ನು ಎತ್ತಿ ತೊಟ್ಟಿಗೆ ಬಗ್ಗಿಸಿಬಿಟ್ಟಳು. ತಲೆಗೆ ಅರಿವೆ ಸುತ್ತಿಕೊಂಡು ಮಗಳು ಒಳಗೆ ಬರುವ ಹೊತ್ತಿಗೆ ತಾಯಿ ಮೀನು ಮರಿಗಳನ್ನು ಅಟ್ಟಿಸಿಕೊಂಡು ನುಂಗುತ್ತಿತ್ತು.

ನಾನು ಸಂಜೆ ಕುಣಿಯುತ್ತಲೇ ಮನೆಗೆ ಬಂದೆ. ಡಾಕ್ಟರು ಅಂಥ ಮಾತು ಹೇಳಿದ್ದರು. ಕೂಸು ಈಗ ತಾನಾಗಿ ಉಸಿರಾಡುತ್ತಿದೆ, ಆದರೆ ತೂಕ ಹತ್ತುತ್ತಿಲ್ಲ. ನಾಳೆಯಿಂದ ತಾಯಿ ಬಂದು ಮೈಗೆ ಮೈ ತಾಗುವಂತೆ ಎದೆಯ ಮೇಲೆ ಹಾಕಿಕೊಂಡು ಕೂರಬೇಕು, ಇನ್ನು ಅದಕ್ಕೆ ಅದೇ ಔಷಧ.

"ನಾ ಬರೂದಿಲ್ಲಪ್ಪಾ" ಎಂದಳು ಶ್ರೀದೇವಿ. ಮತ್ತೆ ಗೋಡೆಯ ಕಡೆ ತಿರುಗಿದ್ದಳು. ಪಕ್ಕದಲ್ಲಿ ಮರಿಗಳ ಭರಣಿ ಖಾಲಿ ಬಿದ್ದಿತ್ತು.

"ಯಾಕ?"

"ಅದು ಗಾಜಿನ್ಯಾಗ ಚಲೋ ಐತಿ. ಹೊಟ್ಟ್ಯಾಗ ಪೂರಾ ದಿನ ಇಟ್ಕೊಳ್ಳಾಕ ಆಗಲಿಲ್ಲ ನನಗ. ಈಗ ಕೈಯಾಗ ಕೊಟ್ರ ಏನಾಕ್ಕೈತೋ! ಹಡದಾಕೀನ ನುಂಗಿದ್ಲು, ನೋಡಿದೆ ನಾ."

ನನ್ನ ಸಿಟ್ಟು ನೆತ್ತಿಗೇರಿತು. "ಹುಚ್ಚರಂಗ ಮಾತಾಡಬ್ಯಾಡ! ನೀ ಮೀನ ಏನ? ಅಲ್ಲಿ ಕೂಸು ದಾರಿ ನೋಡಾಕತ್ತೈತಿ!" ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಅವಳು ಮುಸುಕು ಹಾಕಿಕೊಂಡು ಬಿಕ್ಕಿದಳು. ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

"ನೀವು ಸುಮ್ಮನ ಕುಂದರ್ರಿ" ಎಂದಳು ನೀಲಗಂಗವ್ವ. ಮಧ್ಯಾಹ್ನದಿಂದ ಮೂಲೆ ಹಿಡಿದಿದ್ದವಳು ಎದ್ದು ಬಂದು ಮಗಳ ಪಕ್ಕ ಕೂತಳು. "ತಪ್ಪು ನಂದವ್ವಾ. ನಿನ್ನ ಸಂಕಟ ನೋಡಿ ನೋಡಿ, ಅದಕ್ಕೂ ಹಂಗ ಆಗತಿರಬೇಕಂತ ತಿಳಕೊಂಡ್ನಿ. ಅದಕ್ಕೇನ ಗೊತ್ತು? ಅದಕ್ಕ ಎದಿ ಐತೇನು? ಎದ್ಯಾಗ ಹಾಲು ಐತೇನು? ನಿನ್ನ ಕುಪ್ಪಸ ನೀನ ನೋಡ್ಕೋ."

ಕೂಸಿನ ಹೆಸರೆತ್ತಿದ್ದಕ್ಕೇ ಕುಪ್ಪಸವೆಲ್ಲ ತೊಯ್ದಿತ್ತು. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಬಹಳ ಹೊತ್ತು ತಾಯಿ ಮಗಳು ಇಬ್ಬರೂ ಅತ್ತರು. ಆಮೇಲೆ ಶ್ರೀದೇವಿ ಮೂಗು ಒರೆಸಿಕೊಂಡು ಎದ್ದು, "ಜರಡಿ ಎಲ್ಲೈತಿ?" ಎಂದಳು. ತೊಟ್ಟಿಯ ಹಸಿರು ಬಳ್ಳಿಯ ಬುಡದಲ್ಲಿ ಅಡಗಿಕೊಂಡು ಮೂರೋ ನಾಲ್ಕೋ ಮರಿ ಉಳಿದಿದ್ದವು. ಅವನ್ನು ಹುಡುಕಿ ಹುಡುಕಿ ಭರಣಿಗೆ ಬಿಟ್ಟಳು.

ಮರುದಿನ, ಕಿಟಕಿ ತೆರೆಯಲೂ ಬಿಡದಿದ್ದ ನೀಲಗಂಗವ್ವ ತಾನೇ ಮಗಳ ಕಿವಿಗೆ ಹತ್ತಿ ಇಟ್ಟು, ಮೇಲೆ ಎರಡು ಸುತ್ತು ಅರಿವೆ ಬಿಗಿದು, "ಗಾಳಿ ಬಡದ್ರ ಬಡೀಲಿ, ನಾ ಅದೇನಿ" ಎಂದು ಮುಂದಾಗಿ ಬಸ್ಸು ಹತ್ತಿದಳು. ಅಭ್ಯಾಸಬಲದಿಂದ ನನ್ನ ಕೈಯಲ್ಲಿ ಖಾಲಿ ಫ್ಲಾಸ್ಕು ಬಂದಿತ್ತು.

ಆಸ್ಪತ್ರೆಯಲ್ಲಿ ನಾನೂ ಅಳಿಯನೂ ಬಾಗಿಲ ಹೊರಗೆ ನಿಂತೆವು. ಒಳಗೆ ಶ್ರೀದೇವಿ ಬೆನ್ನು ತಿರುಗಿಸಿ ಕೂತಿದ್ದಳು. ನರ್ಸು ಕೂಸನ್ನು ಎತ್ತಿ ಕೊಡುವಾಗ ಅವಳು ಹಿಂದಕ್ಕೆ ಸರಿದದ್ದು ನನಗೆ ಅಲ್ಲಿಂದಲೇ ಕಂಡಿತು. ಆಮೇಲೆ ತಾನೇ ಮುಂದೆ ಬಾಗಿ ಕೈ ಚಾಚಿದಳು. ಅಜ್ಜಿ ಹೊಲಿದ ಕುಲಾವಿ ದೊಡ್ಡದಾಗಿ, ಕೂಸಿನ ಮೂಗಿನ ತನಕ ಜಾರಿ, ಮಗಳ ಭುಜದ ಮೇಲೆ ಅದೊಂದೇ ಕಾಣುತ್ತಿತ್ತು.

ಒಂದು ತಾಸಿಗೆ ನರ್ಸು ಬಂದು, "ಸಾಕವಾ, ಇನ್ನ ಪೆಟ್ಟಿಗಿಗೆ ಹಾಕೂಣು, ಕೊಡ್ರಿ" ಎಂದಳು.

ಶ್ರೀದೇವಿ ಎರಡೂ ಕೈ ಅಡ್ಡ ಹಿಡಿದಳು. "ಒಲ್ಲೆರಿ. ಕೊಡೂದಿಲ್ಲ. ಈಗರ ಬಾಯಿ ಹಚ್ಚೈತಿ."

ನರ್ಸು ನಗುತ್ತ ಹೋದಳು. ಮಗಳು ತಿರುಗದೆಯೇ ನನ್ನನ್ನು ಕೂಗಿದಳು: "ಅಪ್ಪಾ, ನೀ ಲಗೂ ಮನಿಗೆ ಹೋಗು. ಮರಿಗೆ ಹಿಟ್ಟು ಹಾಕಿಲ್ಲ. ಆ ತಾಯಿ ಹತ್ರ ಮಾತ್ರ ಬಿಡಬ್ಯಾಡ, ನೋಡು!"

ನಾನು ಖಾಲಿ ಫ್ಲಾಸ್ಕು ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಪಕ್ಕದವನು ನನ್ನ ಮುಖ ನೋಡಿ, "ಯಾಕ್ರಿ ಯಜಮಾನ್ರ, ಕಣ್ಣಾಗ ನೀರು?" ಎಂದು ಕೇಳಿದ. "ಬ್ಯಾಡಗಿಯವರಪ್ಪಾ ನಾವು, ಮೆಣಸಿನಕಾಯಿ ಘಾಟು" ಎಂದೆ. ಅವನು ನಂಬಿದ.